ಎಲ್ಲರೂ ಎಲ್ಲದಲ್ಲಿ ಇಳಿದ ಮೇಲೆ: ಶ್ರೀಲಂಕಾದ ಬದುಲ್ಲ ಪಟ್ಟಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀಲಂಕಾಕ್ಕೆ ಹೋಗಿ ಬಂದೆ ಎಂದರೆ ಜನ ಕೊಲಂಬೊ ಹೇಗಿದೆ, ಕ್ಯಾಂಡಿ ಹೇಗಿದೆ ಎಂದು ಕೇಳುತ್ತಾರೆ. ಬದುಲ್ಲಕ್ಕೆ ಹೋಗಿದ್ದೆ ಎಂದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಪ್ರಶ್ನೆಗಳ ಮಳೆ ಸುರಿಸುತ್ತಾರೆ. ಅದೇ ಉತ್ತರಗಳನ್ನು ಹತ್ತು ಸಲ ಹೇಳಿ ಬೇಸತ್ತು ಇಲ್ಲಿ ಬರೆದಿಟ್ಟಿದ್ದೇನೆ. ಸುಳ್ಯದ ಕಡೆಯವನಾದ ನನಗೆ ಆ ಊರಿನ ಮೇಲೆ ಒಂದಿಷ್ಟು ಪಕ್ಷಪಾತವಿದೆ. ಅದು ಏಕೆಂದು ಮುಂದೆ ಗೊತ್ತಾಗುತ್ತದೆ.

ಬದುಲ್ಲ ಎಲ್ಲಿದೆ? ಅದು ಯಾವುದರ ರಾಜಧಾನಿ?

ಶ್ರೀಲಂಕಾದ ಒಂಬತ್ತು ಪ್ರಾಂತ್ಯಗಳಲ್ಲಿ ಊವ ಒಂದು. ಬದುಲ್ಲ ಅದರ ರಾಜಧಾನಿ. ದ್ವೀಪದ ನಡುವಿನ ಬೆಟ್ಟಸೀಮೆ ಪೂರ್ವಕ್ಕೆ ಇಳಿಯತೊಡಗುವ ಕಡೆ, ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿ ಊರಿದೆ. ಎತ್ತರ ಎಂದೆನಾದರೂ ಊರೊಳಗೆ ನಿಂತವರಿಗೆ ಬಟ್ಟಲಿನ ತಳದಲ್ಲಿ ನಿಂತಂತೆಯೇ ಅನ್ನಿಸುತ್ತದೆ. ಸುತ್ತ ಬೆಟ್ಟಗಳು, ಅವುಗಳ ನಡುವೆ 2,036 ಮೀಟರ್ ಎತ್ತರದ ನಮುನುಕುಲ. ಒಂಬತ್ತು ಶಿಖರಗಳ ಬೆಟ್ಟ ಎಂದು ಆ ಹೆಸರಿನ ಅರ್ಥ. ಊರನ್ನು ಬಳಸಿಕೊಂಡು ಬದುಲು ಓಯ ಹರಿಯುತ್ತದೆ. ಸಿಂಹಳದಲ್ಲಿ ಓಯ ಎಂದರೆ ಹೊಳೆ.

ಊವವನ್ನು ಪ್ರತ್ಯೇಕ ಪ್ರಾಂತ್ಯ ಮಾಡಿದವರು ಬ್ರಿಟಿಷರು, 1886ರಲ್ಲಿ. ಅದರಲ್ಲಿರುವುದು ಎರಡೇ ಜಿಲ್ಲೆ: ತಂಪಾದ ಬದುಲ್ಲ, ಬಿಸಿಲಿನ ಮೊನರಾಗಲ. ಊರಿನ ಗಾತ್ರ ಹೇಳಬೇಕೆಂದರೆ ಮಡಿಕೇರಿಗಿಂತ ತುಸು ದೊಡ್ಡದು, ಚಿಕ್ಕಮಗಳೂರಿಗಿಂತ ಚಿಕ್ಕದು.

ಹೆಸರನ್ನು ಹೇಗೆ ಹೇಳಬೇಕು?

ಸಿಂಹಳದವರು ಬದುಲ್ಲ ಎನ್ನುತ್ತಾರೆ, ತಮಿಳರು ಬದುಳೈ ಎನ್ನುತ್ತಾರೆ. ನಕ್ಷೆಯ ಇಂಗ್ಲಿಷ್ ಅಕ್ಷರ ನೋಡಿ ಬಡುಲ್ಲಾ ಎನ್ನುವುದು ನಮ್ಮವರ ತಪ್ಪು. ಊರಿನ ಹೆಸರು ಬದುಲ್ಲ ಎಂಬ ಮರದಿಂದ ಬಂತೆಂಬ ವಿವರಣೆ ಒಂದಿದೆ. ಆ ಮರ ನಮ್ಮ ಕಾಡಿನ ಕೇರು ಮರದ, ಅಂದರೆ ಭಲ್ಲಾತಕದ ಕುಲಕ್ಕೆ ಸೇರಿದ್ದು. ಕೇರಿನ ಸೊನೆ ತಾಗಿ ಮೈ ಸುಟ್ಟುಕೊಂಡವರಿಗೆ ಈ ಹೆಸರು ಮರೆಯಲಾರದು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಕೊಲಂಬೊಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ಅಲ್ಲಿಂದ ಬದುಲ್ಲಕ್ಕೆ ಹೋಗಲು ಇಡೀ ದಿನ ಬೇಕು. ರಸ್ತೆಯಲ್ಲಿ ಸುಮಾರು 230 ಕಿಲೋಮೀಟರ್ ದೂರ. ರತ್ನಪುರ, ಬಲಂಗೊಡ, ಹಪುತಲೆ, ಬಂಡಾರವೆಲ ದಾಟಿ ಬಸ್ಸು ತಿರುವಿನ ಮೇಲೆ ತಿರುವು ಹತ್ತುತ್ತದೆ. ಚಾರ್ಮಾಡಿಯಲ್ಲಿ ಹೊಟ್ಟೆ ತೊಳಸುವವರು ಬರಿಹೊಟ್ಟೆಯಲ್ಲಿ ಹತ್ತುವುದು ಒಳ್ಳೆಯದು.

ರೈಲಿನ ದಾರಿ ಇನ್ನೂ ಉದ್ದ, ಸುಮಾರು 290 ಕಿಲೋಮೀಟರ್. ಹತ್ತು ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಹೆಚ್ಚೂ ಆಗುತ್ತದೆ. ಆದರೂ ನಾನು ಹೇಳುವುದು ರೈಲನ್ನೇ.

ಆ ರೈಲಿನಲ್ಲಿ ಅಂಥದ್ದೇನಿದೆ?

ಕೊಲಂಬೊದಿಂದ ಒಳನಾಡಿಗೆ ಹಳಿ ಹಾಕಲು ಶುರು ಮಾಡಿ, 1867ರಲ್ಲಿ ಕ್ಯಾಂಡಿ ತಲುಪಿದರು. ಬೆಟ್ಟ ಹತ್ತಿ ನಾನು ಓಯ ಮುಟ್ಟುವಾಗ 1885. ಬಂಡಾರವೆಲಕ್ಕೆ ಬಂದದ್ದು 1894ರಲ್ಲಿ. ಅಲ್ಲಿಂದ ಬದುಲ್ಲಕ್ಕೆ ಕೊನೆಯ ತುಂಡು ಹಳಿ ಹಾಕಿ ಮುಗಿಸುವಾಗ 1924 ಆಗಿತ್ತು. ಇಷ್ಟು ಸಣ್ಣ ದೂರಕ್ಕೆ ಮೂವತ್ತು ವರ್ಷ ಏಕೆ ಹಿಡಿಯಿತು ಎಂಬುದು ಕಿಟಕಿಯಲ್ಲಿ ಕುಳಿತವರಿಗೆ ತಾನೇ ಗೊತ್ತಾಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಇಳಿದವರಂತೂ ಕೇಳಲೇಬೇಕಾಗಿಲ್ಲ.

ಮಾರ್ಗದ ತುತ್ತತುದಿ ಪಟ್ಟಿಪೊಲ ನಿಲ್ದಾಣದ ಬಳಿ, 1,898 ಮೀಟರ್. ಅದನ್ನು ದಾಟಿ ಒಂದು ಸುರಂಗ ಹೊಕ್ಕು ಹೊರಬಂದರೆ ಅನೇಕ ಸಲ ಹವೆಯೇ ಬದಲಾಗಿರುತ್ತದೆ. ಆ ಕಡೆ ಮಂಜು, ಈ ಕಡೆ ಬಿಸಿಲು. ನೀವು ಊವಕ್ಕೆ ಬಂದಿರಿ ಎಂದು ಅರ್ಥ.

ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ. ಬದುಲ್ಲಕ್ಕೆ ಒಂದು ಗಂಟೆಯ ದಾರಿ ಉಳಿದಿರುವಾಗ ಎಲ್ಲ ಎಂಬ ಊರು ಬರುತ್ತದೆ. ಸಿಂಹಳದಲ್ಲಿ ಎಲ್ಲ ಎಂದರೆ ಜಲಪಾತ. ನಮಗೆ ಮಾತ್ರ ಅದು ತಮಾಷೆಯಾಗಿ ಕೇಳುತ್ತದೆ, ಏಕೆಂದರೆ ಎಲ್ಲರೂ ಎಲ್ಲದಲ್ಲೇ ಇಳಿಯುತ್ತಾರೆ. ಬೆನ್ನಚೀಲದ ಪ್ರವಾಸಿಗರು, ಬಾಗಿಲಲ್ಲಿ ನೇತಾಡುತ್ತ ಫೋಟೊ ತೆಗೆಸಿಕೊಂಡವರು, ನವದಂಪತಿಗಳು, ಎಲ್ಲರೂ. ಇಳಿದವರು ಆಟೊ ಹಿಡಿದು, ಕಾಲುದಾರಿ ನಡೆದು ಒಂಬತ್ತು ಕಮಾನಿನ ಸೇತುವೆ ನೋಡಲು ಹೋಗುತ್ತಾರೆ. ಆ ಸೇತುವೆ ಇರುವುದು ಎಲ್ಲದಿಂದ ಬದುಲ್ಲದ ಕಡೆಗೆ! ರೈಲಿನಲ್ಲಿ ಸುಮ್ಮನೆ ಕುಳಿತಿದ್ದರೆ ಅದರ ಮೇಲೆಯೇ ಹಾದುಹೋಗಬಹುದಿತ್ತು. 1921ರ ಈ ಸೇತುವೆಯನ್ನು ಕಬ್ಬಿಣವಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲೇ ಎಬ್ಬಿಸಿದ್ದಾರೆ. ಮಹಾಯುದ್ಧಕ್ಕೆಂದು ಉಕ್ಕೆಲ್ಲ ಹೊರಟುಹೋದದ್ದರಿಂದ ಹೀಗಾಯಿತು ಎಂಬುದು ಊರವರ ಕತೆ.

ಮುಂದಿನ ನಿಲ್ದಾಣ ದೆಮೊದರ ಇನ್ನೂ ಸೊಗಸು. ಬೆಟ್ಟದ ಇಳಿಜಾರು ಹಳಿ ತಾಳಲಾರದಷ್ಟು ಕಡಿದು. ಹಾಗಾಗಿ ರೈಲು ನಿಲ್ದಾಣ ಬಿಟ್ಟು ಗುಡ್ಡವನ್ನು ಒಂದು ಸುತ್ತು ಹಾಕಿ, ಅದೇ ನಿಲ್ದಾಣದ ಕೆಳಗಿನ ಸುರಂಗದಲ್ಲಿ ನುಸುಳಿ ಮುಂದಕ್ಕೆ ಹೋಗುತ್ತದೆ. ಐದು ನಿಮಿಷದ ಹಿಂದೆ ನೀವು ನಿಂತಿದ್ದ ಪ್ಲಾಟ್‌ಫಾರ್ಮು ಈಗ ನಿಮ್ಮ ತಲೆಯ ಮೇಲಿರುತ್ತದೆ. ಎಂಜಿನಿಯರು ದಾರಿ ಕಾಣದೆ ತಲೆ ಕೆರೆದುಕೊಳ್ಳುತ್ತಿದ್ದಾಗ, ತೋಟದ ಕಂಗಾಣಿಯೊಬ್ಬ, ಅಂದರೆ ಮೇಸ್ತ್ರಿ, ರುಮಾಲು ಬಿಚ್ಚಿ ತಲೆಗೆ ಮರಳಿ ಸುತ್ತಿಕೊಳ್ಳುವುದನ್ನು ಕಂಡು ಈ ಉಪಾಯ ಹೊಳೆಯಿತು ಎಂದು ಕತೆ ಹೇಳುತ್ತಾರೆ. ನಿಜವೋ ಸುಳ್ಳೋ, ಹಳಿಯ ಸುತ್ತು ಮಾತ್ರ ರುಮಾಲಿನ ಸುತ್ತಿನ ಹಾಗೆಯೇ ಇದೆ.

ರೈಲು ಈಗ ಓಡುತ್ತಿದೆಯೇ?

ಹೊರಡುವ ಮುನ್ನ ವಿಚಾರಿಸಿ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಲ್ಲಿ ಗುಡ್ಡಗಳು ಕುಸಿದು ಬೆಟ್ಟಸೀಮೆಯ ರೈಲು ಮಾರ್ಗ ಬಲವಾದ ಪೆಟ್ಟು ತಿಂದಿತು. ಹಳೆಯ ವೇಳಾಪಟ್ಟಿಯನ್ನು ನಂಬಿಕೊಂಡು ಮುಂದಿನ ಹೋಟೆಲು, ವಿಮಾನ ಎಲ್ಲ ಕಾದಿರಿಸಿಕೊಳ್ಳಬೇಡಿ.

ಹೆಸರಾಂತ ಗಾಡಿಗಳು ಎರಡು: ಪೊಡಿ ಮೆಣಿಕೆ, ಉಡರಟ ಮೆಣಿಕೆ. ಪುಟ್ಟ ಕುವರಿ, ಮಲೆನಾಡ ಕುವರಿ ಎನ್ನಬಹುದು. ಕಾದಿರಿಸಿದ ಸೀಟುಗಳು ಬೇಗನೆ ಮುಗಿಯುತ್ತವೆ. ಸಿಗದಿದ್ದರೆ ಕಾದಿರಿಸದ ಡಬ್ಬಿಯಲ್ಲಿ ನಿಂತೇ ಹೋಗಬೇಕು. ಆದರೆ ಎಲ್ಲದಲ್ಲಿ ಡಬ್ಬಿ ಖಾಲಿಯಾಗುವುದರಿಂದ, ಅತ್ಯುತ್ತಮವಾದ ಕೊನೆಯ ಒಂದು ಗಂಟೆಗೆ ಕಿಟಕಿ ಸೀಟು ಗ್ಯಾರಂಟಿ.

ಊರೊಳಗೆ ನೋಡುವಂಥದ್ದು ಏನಿದೆ?

ಮೊದಲಿಗೆ ಮುತಿಯಂಗಣ ರಾಜಮಹಾ ವಿಹಾರ. ಶ್ರೀಲಂಕಾದ ಬೌದ್ಧರು ಪವಿತ್ರವೆಂದು ಎಣಿಸುವ ಹದಿನಾರು ಕ್ಷೇತ್ರಗಳಲ್ಲಿ ಇದೊಂದು. ಬುದ್ಧ ಮೂರನೆಯ ಸಲ ದ್ವೀಪಕ್ಕೆ ಬಂದಾಗ ಇಲ್ಲಿಗೂ ಬಂದಿದ್ದನೆಂದು, ನಮುನುಕುಲದ ಒಡೆಯ ಇಂದಕ ಅವನನ್ನು ಬರಮಾಡಿಕೊಂಡನೆಂದು ನಂಬಿಕೆ. ಬುದ್ಧನ ಬೆವರ ಹನಿಗಳು ಮುತ್ತುಗಳಾದವು, ಅದರಿಂದಲೇ ಈ ಹೆಸರು ಎನ್ನುತ್ತಾರೆ. ಸ್ತೂಪವನ್ನು ಮೊದಲು ಕಟ್ಟಿಸಿದ ಕೀರ್ತಿ ಸಂಪ್ರದಾಯದಂತೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ದೇವಾನಾಂಪಿಯತಿಸ್ಸನಿಗೆ ಸಲ್ಲುತ್ತದೆ. ಅಶೋಕನ ಮಗ ಮಹಿಂದ ಬೌದ್ಧಧರ್ಮವನ್ನು ಒಯ್ದದ್ದು ಇದೇ ರಾಜನ ಬಳಿಗೆ. ಸಂಜೆ ಹೋಗಿ. ಬಿಳಿಬಟ್ಟೆ ಉಟ್ಟ ಹೆಂಗಸರು ನೈದಿಲೆ ಹೂ ಹಿಡಿದು ಬರುತ್ತಾರೆ, ಎಣ್ಣೆದೀಪಗಳ ಹೊಗೆ ಬೋಧಿವೃಕ್ಷದ ಎಲೆಗಳ ನಡುವೆ ನಿಂತಿರುತ್ತದೆ, ಪಕ್ಕದ ಬಸ್ ನಿಲ್ದಾಣದ ಹಾರನ್ನುಗಳೂ ಕೇಳುತ್ತಿರುತ್ತವೆ. ಇದು ಪ್ರವಾಸಿಗರಿಗೆಂದು ಇಟ್ಟ ದೇವಸ್ಥಾನವಲ್ಲ, ಊರಿನ ಬಳಕೆಯ ದೇವಸ್ಥಾನ.

ಊರೊಳಗೆ ಕತರಗಾಮ ದೇವರ ಗುಡಿಯೂ ಇದೆ. ಕತರಗಾಮ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಸುಬ್ರಹ್ಮಣ್ಯ. ಸಿಂಹಳ ಬೌದ್ಧರಿಗೂ ಅವನು ಬೇಕು, ತಮಿಳರಿಗೂ ಬೇಕು. ಕತರಗಾಮ ಕ್ಷೇತ್ರ ಇರುವುದೂ ಊವ ಪ್ರಾಂತ್ಯದಲ್ಲೇ, ಮೊನರಾಗಲ ಜಿಲ್ಲೆಯಲ್ಲಿ. ಕುಕ್ಕೆಯ ಮಗ್ಗುಲಲ್ಲಿ ಬೆಳೆದ ನನಗೆ ಆ ಗುಡಿಯಲ್ಲಿ ಪರದೇಶಿ ಅನ್ನಿಸಲಿಲ್ಲ.

ಸಾರ್ವಜನಿಕ ಗ್ರಂಥಾಲಯದ ಆವರಣದಲ್ಲಿ ಹತ್ತನೆಯ ಶತಮಾನದ ಒಂದು ಕಂಬಶಾಸನವಿದೆ. ನಾಲ್ಕನೆಯ ಉದಯ ರಾಜನ ಕಾಲದ್ದು. ಮೂಲದಲ್ಲಿ ಮಹಿಯಂಗಣದ ಬಳಿ ಇದ್ದದ್ದನ್ನು ಬ್ರಿಟಿಷ್ ಅಧಿಕಾರಿಯೊಬ್ಬ 1857ರಲ್ಲಿ ಇಲ್ಲಿಗೆ ತರಿಸಿದ. ಶಾಸನವೆಂದರೆ ದಾನ, ದತ್ತಿ, ವೀರಮರಣ ಎಂದುಕೊಂಡ ನಮಗೆ ಇದು ಹೊಸ ರುಚಿ. ಹೊಪಿಟಿಗಮು ಎಂಬ ಸಂತೆಯ ವರ್ತಕರು ರಾಜನ ಸವಾರಿ ಬಂದಾಗ ಅಧಿಕಾರಿಗಳ ಕಿರುಕುಳದ ಮೇಲೆ ದೂರು ಕೊಡುತ್ತಾರೆ, ರಾಜ ಸಂತೆಗೆ ನಿಯಮ ಮಾಡಿಕೊಡುತ್ತಾನೆ. ಸಾವಿರ ವರ್ಷ ಹಿಂದಿನ ಎಪಿಎಂಸಿ ಜಗಳ ಎನ್ನಿ. ಗ್ರಂಥಾಲಯಕ್ಕೆ ಬಂದ ಹುಡುಗರು ಅದರ ಪಕ್ಕದಲ್ಲೇ ನಿಂತು ಮೊಬೈಲು ನೋಡುತ್ತಿರುತ್ತಾರೆ.

ಬ್ರಿಟಿಷರ ಕಾಲದ ಎಂಟು ಮೂಲೆಯ ವೆಲೆಕಡೆ ಮಾರುಕಟ್ಟೆಯ ಕಟ್ಟಡವನ್ನೂ ಹಾದುಹೋಗುವಾಗ ಒಮ್ಮೆ ನೋಡಿ.

ಸಿಡಿಲು ಬಡಿದು ಸತ್ತ ಮೇಜರ್‌ನ ಕತೆ ನಿಜವೇ?

ಸತ್ತದ್ದು ನಿಜ. ಮೇಜರ್ ಥಾಮಸ್ ವಿಲಿಯಂ ರೋಜರ್ಸ್ ಬದುಲ್ಲದಲ್ಲಿದ್ದ ಬ್ರಿಟಿಷ್ ಅಧಿಕಾರಿ, ರಸ್ತೆಗಳನ್ನು ಮಾಡಿಸಿದವನು. ಜತೆಗೆ ಆನೆ ಬೇಟೆಯ ಹುಚ್ಚು. ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದನೆಂದು ಅವನ ಹೆಸರಿನೊಡನೆ ಲೆಕ್ಕ ಓಡಾಡುತ್ತದೆ. 1845ರ ಜೂನ್‌ನಲ್ಲಿ ಹಪುತಲೆಯಲ್ಲಿ ಸಿಡಿಲು ಬಡಿದು ಸತ್ತ. ಅವನ ನೆನಪಿಗೆ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು 1857ರಿಂದ ಬದುಲ್ಲದ ನಡುವೆ ನಿಂತಿದೆ. ನುವರ ಎಲಿಯದಲ್ಲಿರುವ ಅವನ ಸಮಾಧಿಗೂ ಸಿಡಿಲು ಬಡಿಯುತ್ತಲೇ ಇತ್ತು ಎಂದು ಜನ ಹೇಳುತ್ತಾರೆ. ಆನೆಗಳ ಲೆಕ್ಕ ಯಾರೋ ಇಟ್ಟಿದ್ದರು ಎಂಬುದು ಜನರ ನಂಬಿಕೆ.

ದುನ್‌ಹಿಂದ ಜಲಪಾತಕ್ಕೆ ಹೋಗಲೇಬೇಕೇ?

ಹೋಗಲೇಬೇಕು. ಊರಿನಿಂದ ಐದಾರು ಕಿಲೋಮೀಟರ್. ರಸ್ತೆಯಿಂದ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಕಾಡುದಾರಿ ನಡೆಯಬೇಕು. ದಾರಿಯುದ್ದಕ್ಕೂ ಉಪ್ಪು ಖಾರ ಹಚ್ಚಿದ ಹಣ್ಣು, ಗಿಡಮೂಲಿಕೆ ಕಷಾಯ ಮಾರುವವರು. ಮಂಗಗಳೂ ಗಿರಾಕಿಗಳೇ, ಚೀಲ ಭದ್ರ. ಕೊನೆಯಲ್ಲಿ ಬದುಲು ಓಯ 64 ಮೀಟರ್ ಕೆಳಕ್ಕೆ ಬೀಳುತ್ತದೆ. ಸಿಂಹಳದ ದುಮ ನಮ್ಮ ಧೂಮವೇ. ಹೊಗೆಯಂತೆ ತುಂತುರು ಏಳುವುದರಿಂದ ಈ ಹೆಸರು. ನಮ್ಮವರು ಹೊಗೆನಕಲ್ಲಿಗೆ ಹೆಸರಿಟ್ಟ ಬಗೆಯೇ ಅಲ್ಲಿಯೂ.

ಹತ್ತಿರದಲ್ಲಿ ಬೇರೇನಿದೆ?

ಹಾಲಿ ಎಲದ ಕಡೆ ಬೊಗೊಡದಲ್ಲಿ ಶತಮಾನಗಳ ಹಳೆಯ ಮರದ ಸೇತುವೆಯಿದೆ, ಹೆಂಚಿನ ಮಾಡು ಹೊದೆಸಿದ್ದು. ಸೇತುವೆಗೂ ಮಳೆಯಿಂದ ರಕ್ಷಣೆ, ದಾಟುವವನಿಗೂ. ಬಂಡಾರವೆಲದ ರಸ್ತೆಯಲ್ಲಿ ದೋವ ಎಂಬಲ್ಲಿ ಬಂಡೆಯಲ್ಲಿ ಅರ್ಧಕ್ಕೇ ನಿಂತ ಬುದ್ಧನ ದೊಡ್ಡ ಮೂರ್ತಿ. ಹಪುತಲೆಯ ಮೇಲೆ ಥಾಮಸ್ ಲಿಪ್ಟನ್ 1890ರಲ್ಲಿ ಕೊಂಡ ದಂಬತೆನ್ನ ತೋಟ, ಅದರ ನೆತ್ತಿಯಲ್ಲಿ ಅವನು ಕೂರುತ್ತಿದ್ದ ಜಾಗ.

ರಾಮಾಯಣದ ಜಾಗಗಳು ಇಲ್ಲೇ ಅಲ್ಲವೇ?

ಕನ್ನಡದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಎಲ್ಲದ ಬಳಿ ರಾವಣ ಜಲಪಾತವಿದೆ, ರಾವಣನ ಗುಹೆಯಿದೆ. ವೆಲಿಮಡದ ಹತ್ತಿರದ ದಿವುರುಂಪೊಲದಲ್ಲಿ ಸೀತೆ ಅಗ್ನಿಪರೀಕ್ಷೆಗೆ ಒಳಗಾದಳೆಂದು ಸ್ಥಳಪುರಾಣ. ದಿವುರುಂ ಎಂದರೆ ಆಣೆ. ಹೋಗಿ, ಕೈಮುಗಿಯಿರಿ. ಆದರೆ ಅಲ್ಲಿಯವರ ಮುಂದೆ ರಾವಣನನ್ನು ಬಯ್ಯಬೇಡಿ. ಅನೇಕ ಸಿಂಹಳೀಯರಿಗೆ ಅವನು ವಿದ್ವಾಂಸ, ವೈದ್ಯ, ತಮ್ಮ ನಾಡಿನ ದೊರೆ.

ಯಾವ ತಿಂಗಳಲ್ಲಿ ಹೋಗಬೇಕು?

ನಮ್ಮ ಲೆಕ್ಕಕ್ಕೆ ತದ್ವಿರುದ್ಧ. ನೈರುತ್ಯ ಮುಂಗಾರು ಕರಾವಳಿಯನ್ನು ಚಚ್ಚುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬದುಲ್ಲ ಮಳೆಯ ನೆರಳಿನಲ್ಲಿರುತ್ತದೆ. ಕಚ್ಚಾನ್ ಎಂಬ ಒಣಗಾಳಿ ಬೀಸುತ್ತದೆ. ಅಲ್ಲಿ ಮಳೆ ಹಿಡಿಯುವುದು ಅಕ್ಟೋಬರ್‌ನಿಂದ ಜನವರಿಯವರೆಗೆ, ಈಶಾನ್ಯ ಮಾರುತ ಬಂದಾಗ. ಸುಳ್ಯದಲ್ಲಿ ಅಡಿಕೆಗೆ ಔಷಧಿ ಬಿಡಲು ಬಿಸಿಲು ಕಾಯುತ್ತ ಕೂತವರು ಒಂದು ವಾರ ತಪ್ಪಿಸಿಕೊಂಡು ಅಲ್ಲಿಗೆ ಹೋದರೆ ಬಟ್ಟೆ ಒಣಗುವ ಸುಖ ಕಾಣಬಹುದು.

ಊವ ಚಹಾದ ವಿಶೇಷವೇನು?

ಈಗ ಹೇಳಿದ ಆ ಒಣಗಾಳಿಯೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸಿ ಚಹಾಗಿಡ ನೀರಿಲ್ಲದೆ ಬಾಡಿ ಕಷ್ಟಪಡುತ್ತದೆ. ಆ ಕಷ್ಟದಲ್ಲೇ ಎಲೆಯಲ್ಲಿ ಪರಿಮಳ ಕೂಡಿಕೊಳ್ಳುತ್ತದೆ. ಆ ಕಾಲದ ಊವ ಚಹಾಕ್ಕೆ ಪುದೀನದಂಥ, ಮೂಗಿಗೆ ಹತ್ತುವ ಒಂದು ತಂಪು ಗಂಧ. ಅದರ ಮೂಲ ಮೀಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತು. ಸೊಂಟನೋವಿಗೆ ಹಚ್ಚುವ ಮುಲಾಮಿನಲ್ಲಿ ಇರುವುದೂ ಅದೇ. ಇದನ್ನು ತಿಳಿದ ಮೇಲೆ ನನಗೆ ಆ ಚಹಾ ಕುಡಿದಾಗಲೆಲ್ಲ ಅಜ್ಜನ ಕೋಣೆ ನೆನಪಾಗುತ್ತದೆ. ತಿಳಿಯದಿದ್ದರೇ ಚೆನ್ನಾಗಿತ್ತೇನೋ.

ಈ ಬೆಟ್ಟಗಳಲ್ಲಿ ಚಹಾ ಮೊದಲಿನಿಂದ ಇದ್ದದ್ದಲ್ಲ. ಮೊದಲು ಕಾಫಿ. 1869ರಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ತೋಟಗಳನ್ನು ತಿಂದುಹಾಕಿತು. ಅದರ ಜಾಗಕ್ಕೆ ಬಂದದ್ದು ಚಹಾ. ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇಂದಿಗೂ ಬೋರ್ಡೋ ದ್ರಾವಣ ಹೊಡೆಯುವುದು ಇದೇ ತುಕ್ಕಿನ ಹೆದರಿಕೆಗೆ.

ತೋಟಗಳಲ್ಲಿ ಕೆಲಸ ಮಾಡುವವರು ಯಾರು? ಸುಳ್ಯಕ್ಕೂ ಅವರಿಗೂ ಏನು ಸಂಬಂಧ?

ಚಹಾದ ಕುಡಿ ಕೀಳುವವರು ಮಲೆಯಹ ತಮಿಳರು, ಅಂದರೆ ಬೆಟ್ಟದ ತಮಿಳರು. ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳುನಾಡಿನ ಬರದ ಹಳ್ಳಿಗಳಿಂದ ಕಂಗಾಣಿಗಳು ಸಾಲ ಕೊಟ್ಟು ಕರೆತಂದವರ ಸಂತತಿ. ಬದುಲ್ಲ ಜಿಲ್ಲೆಯಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಇವರೇ. ಲೈನ್ ಮನೆ ಎಂದರೆ ಏನೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಅಲ್ಲಿ ಅದಕ್ಕೆ ಲಯಂ ಎನ್ನುತ್ತಾರೆ. ಒಂದು ಕೋಣೆ, ಮುಂದೊಂದು ಕಿರುಜಗಲಿ, ಮೇಲೆ ತಗಡು, ತಲೆಮಾರುಗಳು.

ಸಿಲೋನ್ ಸ್ವತಂತ್ರವಾದದ್ದು 1948ರಲ್ಲಿ. ಅದೇ ವರ್ಷದ ಪೌರತ್ವ ಕಾಯಿದೆ ಇವರಲ್ಲಿ ಬಹುತೇಕರನ್ನು ಯಾವ ದೇಶದವರೂ ಅಲ್ಲದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 9,75,000 ಜನರ ಲೆಕ್ಕ ಹಾಕಿ, 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ಮಾತು ಮುಂದೆ ಎಂದು ಹಂಚಿದರು. ಆ ಉಳಿದವರನ್ನು 1974ರಲ್ಲಿ ಅರ್ಧರ್ಧ ಮಾಡಿಕೊಂಡರು. ಎಮ್ಮೆ ಹಂಚಿಕೊಳ್ಳುವ ಅಣ್ಣತಮ್ಮಂದಿರು ಕೂಡ ಎಮ್ಮೆಯ ಮುಖ ನೋಡುತ್ತಾರೆ. ಇಲ್ಲಿ ಯಾರೂ ಅಷ್ಟನ್ನೂ ಮಾಡಿದಂತೆ ಕಾಣುವುದಿಲ್ಲ. ಅಲ್ಲಿ ಉಳಿದವರ ಪೌರತ್ವದ ಗೋಜಲು ಕಾನೂನಿನ ಮಟ್ಟದಲ್ಲಿ ಬಗೆಹರಿಯಲು 2003 ಬರಬೇಕಾಯಿತು.

ಹೀಗೆ ಹಡಗು ಹತ್ತಿ ಬಂದವರಲ್ಲಿ ಹೆಚ್ಚಿನವರು ತಮಿಳುನಾಡಿನಲ್ಲಿ ನೆಲೆ ನಿಂತರು. ಒಂದು ಪಾಲು ನಮ್ಮ ದಕ್ಷಿಣ ಕನ್ನಡಕ್ಕೂ ಬಂತು. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳು, ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿರುವವು, ಇವರಿಗೆ ಕೆಲಸ ಕೊಡಲೆಂದೇ ಬೆಳೆಸಿದವು. ಚಿಗುರು ಕೀಳುತ್ತಿದ್ದ ಕೈಗೆ ಟ್ಯಾಪಿಂಗ್ ಕತ್ತಿ ಬಂತು. ನಾವು ಚಿಕ್ಕವರಿದ್ದಾಗ ಅವರನ್ನು ಸಿಲೋನಿನವರು ಎನ್ನುತ್ತಿದ್ದೆವು. ನಮ್ಮ ಮನೆಗೆ ಕಟ್ಟಿಗೆಗೆಂದು ಬರುತ್ತಿದ್ದ ಒಬ್ಬರು ಅಜ್ಜಿ ಮಾತಿಗೆ ಕೂತರೆ ಬದುಳೈ, ಪಸ್ಸರೈ ಎಂದು ಊರ ಹೆಸರುಗಳನ್ನು ಹೇಳುತ್ತಿದ್ದರು. ಅವು ತಮಿಳುನಾಡಿನ ಹಳ್ಳಿಗಳೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ರೈಲಿನಿಂದ ಎಲ್ಲದಲ್ಲಿ ಇಳಿಯದೆ ಕೂತದ್ದಕ್ಕೆ ಅವರೇ ಕಾರಣ.

ಊವ ದಂಗೆ ಎಂದರೇನು?

1815ರ ಮಾರ್ಚ್ 2ರಂದು ಕ್ಯಾಂಡಿಯ ಸರದಾರರು ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡು ತಮ್ಮ ರಾಜನನ್ನು ಇಳಿಸಿದರು. ರಾಜ ಮಧುರೆಯ ನಾಯಕರ ಸಂಬಂಧಿ. ಅವನನ್ನು ವೆಲ್ಲೂರಿಗೆ ಗಡೀಪಾರು ಮಾಡಿದರು. ಎರಡೇ ವರ್ಷದಲ್ಲಿ ಸರದಾರರಿಗೆ ತಾವು ಮಾಡಿಕೊಂಡದ್ದೇನೆಂದು ಅರ್ಥವಾಯಿತು. 1817ರಲ್ಲಿ ಊವ ಮತ್ತು ವೆಲ್ಲಸ್ಸ ಸೀಮೆಯಲ್ಲಿ ದಂಗೆ ಎದ್ದಿತು. ವೆಲ್ಲಸ್ಸ ಎಂದರೆ ಲಕ್ಷ ಗದ್ದೆಗಳ ನಾಡು. ಮಾಜಿ ಭಿಕ್ಷುವೊಬ್ಬ ತಾನೇ ರಾಜವಂಶದವನೆಂದು ಹೇಳಿಕೊಂಡು ಎದ್ದುನಿಂತಿದ್ದ. ವಿಚಾರಿಸಲು ಹೋದ ಬದುಲ್ಲದ ಬ್ರಿಟಿಷ್ ಅಧಿಕಾರಿ ವಿಲ್ಸನ್ ಬಾಣ ತಾಗಿ ಸತ್ತ.

ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಕೂತೆ. ಇಪ್ಪತ್ತು ವರ್ಷ ಬಿಟ್ಟು, 1837ರಲ್ಲಿ, ನಮ್ಮ ಅಮರ ಸುಳ್ಯದ ದಂಗೆಯೂ ಹೀಗೆಯೇ ಅಲ್ಲವೇ? ಕೊಡಗಿನ ರಾಜನನ್ನು ಇಳಿಸಿದ ಮೇಲೆ, ಅರಸು ಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು ರೈತರು ಮಂಗಳೂರಿನವರೆಗೆ ನಡೆದರು. ಅಲ್ಲಿ ಭಿಕ್ಷು, ಇಲ್ಲಿ ಜಂಗಮ.

ದಂಗೆ ಅಡಗಿಸಲು ಬ್ರಿಟಿಷರು ಊವದ ದಿಸಾವೆ ಕೆಪ್ಪೆಟಿಪೊಲನನ್ನು ಕಳುಹಿಸಿದರು. ದಿಸಾವೆ ಎಂದರೆ ಸೀಮೆಯ ಅಧಿಕಾರಿ. ಅವನು ಹೋಗಿ ದಂಗೆಕೋರರನ್ನೇ ಸೇರಿಕೊಂಡ. ಸೇರುವ ಮುನ್ನ ಸರ್ಕಾರದ ಬಂದೂಕುಗಳನ್ನು ಹಿಂದಕ್ಕೆ ಕಳುಹಿಸಿದನೆಂದು ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಗವರ್ನರ್ ಬ್ರೌನ್‌ರಿಗ್‌ನ ಸೈನ್ಯ ಗದ್ದೆ ಸುಟ್ಟಿತು, ದನ ಕಡಿಯಿತು, ಕೆರೆ ಒಡೆಯಿತು. ಲಕ್ಷ ಗದ್ದೆಗಳ ನಾಡು ಮತ್ತೆ ಚೇತರಿಸಿಕೊಳ್ಳಲಿಲ್ಲ. ಇಂದಿಗೂ ಮೊನರಾಗಲ ದೇಶದ ಬಡ ಜಿಲ್ಲೆಗಳಲ್ಲಿ ಒಂದು. ಕೆಪ್ಪೆಟಿಪೊಲನ ತಲೆ ಕಡಿದದ್ದು 1818ರ ನವೆಂಬರ್ 26ರಂದು, ಕ್ಯಾಂಡಿಯಲ್ಲಿ. ತಲೆಬುರುಡೆಯನ್ನು ಎಡಿನ್‌ಬರೋಗೆ ಒಯ್ದರು. ಅದು ತಾಯ್ನೆಲಕ್ಕೆ ಮರಳಿದ್ದು 1954ರಲ್ಲಿ.

ಇದಕ್ಕೂ ಮೊದಲು, 1630ರಲ್ಲಿ, ಪೋರ್ಚುಗೀಸರ ಸೇನಾಪತಿ ಕಾನ್‌ಸ್ಟಂಟಿನೊ ದ ಸಾ ಬದುಲ್ಲವನ್ನು ಸುಟ್ಟು ಹಿಂದಿರುಗುತ್ತಿದ್ದಾಗ, ರಂದೆನಿವೆಲದಲ್ಲಿ ಅವನ ಜತೆಗಿದ್ದ ಸ್ಥಳೀಯ ಸೈನಿಕರೇ ತಿರುಗಿಬಿದ್ದು ಅವನ ಕತೆ ಮುಗಿಯಿತು.

ಪ್ರಾಂತ್ಯದ ಆಡಳಿತ ಹೇಗೆ? ನಮ್ಮ ರಾಜ್ಯ ಸರ್ಕಾರದ ಹಾಗೆಯೇ?

ಹಾಗೆ ಕಾಣುತ್ತದೆ, ಆದರೆ ಅಷ್ಟು ಬಲವಿಲ್ಲ. 1987ರ ಜುಲೈನಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಫಲವಾಗಿ ಹದಿಮೂರನೆಯ ತಿದ್ದುಪಡಿ ಬಂದು ಪ್ರಾಂತ್ಯ ಪರಿಷತ್ತುಗಳು ಹುಟ್ಟಿದವು. ಊವಕ್ಕೂ ರಾಜ್ಯಪಾಲ, ಮುಖ್ಯಮಂತ್ರಿ, ಮಂತ್ರಿಗಳು. 2014ರ ಸೆಪ್ಟೆಂಬರ್‌ನಲ್ಲಿ ಆಯ್ಕೆಯಾದ ಪರಿಷತ್ತಿನ ಅವಧಿ 2019ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ರಾಜ್ಯಪಾಲರೇ ನಡೆಸಿಕೊಂಡು ಬಂದರು. ಜಿಲ್ಲಾ ಪಂಚಾಯಿತಿ ಚುನಾವಣೆಗೆ ಕಾದು ಸುಸ್ತಾದ ನಾವು ನಗಬೇಕಾಗಿಲ್ಲ.

ಮಾತಿಗೆ ತೊಂದರೆಯಾಗುತ್ತದೆಯೇ?

ಇಲ್ಲ. ಸ್ವಲ್ಪ ತಮಿಳು ಬಂದರೆ ಪೇಟೆಯಲ್ಲಿ ಅರ್ಧ ಕೆಲಸ ಆಗುತ್ತದೆ, ಇನ್ನರ್ಧಕ್ಕೆ ಇಂಗ್ಲಿಷ್ ಇದೆ. ಸಿಂಹಳವೂ ಅಲ್ಲಲ್ಲಿ ಕಿವಿಗೆ ಪರಿಚಿತ. ಅಕ್ಕ ಎಂದರೆ ಅಕ್ಕನೇ, ಅಮ್ಮ ಎಂದರೆ ಅಮ್ಮನೇ. ತಂಗಿ ನಂಗಿಯಾಗುತ್ತಾಳೆ. ಅಯ್ಯ ಎಂದರೆ ಅಣ್ಣ. ತಾತ್ತ ಎಂದರೆ ಮಾತ್ರ ತಂದೆ, ನಮ್ಮ ತಾತ ಅಲ್ಲ. ಈ ಒಂದು ಪದದಿಂದ ನಾನು ಒಬ್ಬ ಅಂಗಡಿಯವನ ವಯಸ್ಸನ್ನು ಮೂವತ್ತು ವರ್ಷ ತಪ್ಪು ಲೆಕ್ಕ ಹಾಕಿದ್ದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಅನ್ನ, ಬೇಳೆ, ಹಲಸಿನ ಗುಜ್ಜೆ, ಸೊಪ್ಪಿನ ಪಲ್ಯ, ತೆಂಗಿನಕಾಯಿ ಹಾಲು. ನಮ್ಮ ಕರಾವಳಿಯ ನಾಲಗೆಗೆ ಒಗ್ಗುವಂಥದ್ದೇ. ಒತ್ತು ಶ್ಯಾವಿಗೆಯನ್ನು ಇಂದಿ ಆಪ್ಪ ಎನ್ನುತ್ತಾರೆ. ಆದರೆ ಒಂದು ಎಚ್ಚರಿಕೆ: ತೆಂಗಿನ ತುರಿಯ ಖಾರ ಚಟ್ನಿ, ಅಂದರೆ ಪೊಲ್ ಸಂಬೋಲ, ನೋಡಲು ಅಪ್ಪಟ ಸಸ್ಯಾಹಾರ. ಅದರಲ್ಲಿ ಅನೇಕ ಕಡೆ ಉಂಬಲಕಡ ಎಂಬ ಒಣಮೀನಿನ ಚೂರು ಹಾಕಿರುತ್ತಾರೆ. ಮೀನನ್ನು ಮಾಂಸವೆಂದು ಲೆಕ್ಕಿಸದವರ ಮುಂದೆ ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಮಸ್ ಮಾಳು ನೆತುವ ಎನ್ನಿ. ಮಾಂಸ, ಮೀನು ಎರಡೂ ಬೇಡ ಎಂದು ಅರ್ಥ. ತಮಿಳರ ಅಂಗಡಿಗಳಲ್ಲಿ ಇಡ್ಲಿ, ದೋಸೆ, ವಡೆ ಸಿಗುತ್ತವೆ.

ಎಮ್ಮೆ ಮೊಸರಿನ ಮೇಲೆ ಕಿತುಲ್ ಪಾನಿ ಸುರಿದುಕೊಂಡು ತಿನ್ನುವುದನ್ನು ಬಿಡಬೇಡಿ. ಕಿತುಲ್ ಎಂದರೆ ನಮ್ಮ ಬೈನೆ ಮರ. ನಾವು ಅದರಿಂದ ಕಳ್ಳು ಇಳಿಸಿ ಸುಮ್ಮನಾದೆವು. ಅವರು ಅದರ ರಸ ಕುದಿಸಿ ಜೋನಿಬೆಲ್ಲ ಮಾಡಿಟ್ಟುಕೊಂಡರು.

ಗುಡ್ಡ ಕುಸಿಯುವ ಭಯವಿದೆಯೇ?

ಇದೆ. 2014ರ ಅಕ್ಟೋಬರ್ 29ರ ಬೆಳಿಗ್ಗೆ ಇದೇ ಜಿಲ್ಲೆಯ ಕೊಸ್ಲಂದದ ಬಳಿ ಮೀರಿಯಬೆದ್ದ ತೋಟದ ಲೈನ್ ಮನೆಗಳು ಮಣ್ಣಿನಡಿ ಹೋದವು. 2025ರ ಚಂಡಮಾರುತದಲ್ಲಿ ಬದುಲ್ಲ ಅತಿ ಹೆಚ್ಚು ನೋವು ಉಂಡ ಜಿಲ್ಲೆಗಳಲ್ಲಿ ಒಂದಾಯಿತು. 2018ರಲ್ಲಿ ಜೋಡುಪಾಲದ ಗುಡ್ಡಕುಸಿತವನ್ನು ಕಂಡ ನಮಗೆ ಇಳಿಜಾರಿನಲ್ಲಿ ಕಟ್ಟಿದ ಮನೆ ಎಂದರೆ ಏನೆಂದು ಗೊತ್ತು. ಈಶಾನ್ಯ ಮಳೆ ಬಲವಾಗಿ ಹಿಡಿದಾಗ ಬೆಟ್ಟದ ರಸ್ತೆಗಳಲ್ಲಿ ರಾತ್ರಿ ಪ್ರಯಾಣ ಬೇಡ.

ಎಷ್ಟು ದಿನ ಬೇಕು?

ಎರಡು ರಾತ್ರಿ. ಒಂದು ದಿನ ಊರು ಮತ್ತು ದುನ್‌ಹಿಂದ, ಇನ್ನೊಂದು ದಿನ ಪಸ್ಸರದ ಬಸ್ಸು ಹತ್ತಿ ತೋಟಗಳ ಕಡೆ. ದೊಡ್ಡ ಹೋಟೆಲುಗಳನ್ನು ನಿರೀಕ್ಷಿಸಬೇಡಿ. 2005ರಲ್ಲಿ ಶುರುವಾದ ಊವ ವೆಲ್ಲಸ್ಸ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಕಚೇರಿ ಕೆಲಸಕ್ಕೆ ಬಂದ ಗುಮಾಸ್ತರು ಉಳಿದುಕೊಳ್ಳುವ ಸಾದಾ ವಸತಿಗೃಹಗಳೇ ಹೆಚ್ಚು.

ಅಲ್ಲಿಂದ ಏನು ತರಬಹುದು?

ಚಹಾ. ಪೊಟ್ಟಣದ ಮೇಲೆ ಊವ ಎಂಬ ಹೆಸರು, ಜುಲೈನಿಂದ ಸೆಪ್ಟೆಂಬರ್ ನಡುವಿನ ಕೊಯ್ಲು ಎಂಬುದನ್ನು ನೋಡಿ ಕೊಳ್ಳಿ. ಹಾಲು ಹಾಕದೆ ಕುಡಿದರೆ ಮಾತ್ರ ಅದರ ಗುಣ ತಿಳಿಯುತ್ತದೆ.

ನಾನೂ ಒಂದು ಪೊಟ್ಟಣ ತಂದು ಆ ಅಜ್ಜಿಗೆ ಕೊಟ್ಟಿದ್ದೆ. ನಿಮ್ಮ ಬದುಳೈಯದ್ದು ಎಂದೆ. ಅವರು ಪೊಟ್ಟಣ ಒಡೆದು ಎಲೆಯನ್ನು ಅಂಗೈಗೆ ಹಾಕಿಕೊಂಡು, ಕಣ್ಣ ಹತ್ತಿರ ಹಿಡಿದು ನೋಡಿದರು. "ಇಷ್ಟು ಚಂದದ್ದನ್ನು ಕೀಳುವುದಷ್ಟೇ ನಮ್ಮ ಕೆಲಸ ಮಗಾ, ಕುಡಿಯಲು ನಮಗೆ ಕೊಡುತ್ತಿದ್ದದ್ದು ಕೆಳಗೆ ಉಳಿದ ಪುಡಿ" ಎಂದರು. ಆಮೇಲೆ ಸೊಸೆಯನ್ನು ಕರೆದು, ನೀರು ಇಡಲು ಹೇಳಿದರು.